ನೂರಾ ಹನ್ನೊಂದನೇ ಪುಟದ ತಪ್ಪು

ನಿವೃತ್ತನಾದ ತರ್ಕಶಾಸ್ತ್ರದ ಮೇಷ್ಟ್ರನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ. ಶಿರಸಿಯಲ್ಲಿ ನಾನು ಕಲಿಸುತ್ತಿದ್ದ ಕಾಲೇಜಿನಲ್ಲಿ ಈಗ ಆ ವಿಷಯವೇ ಇಲ್ಲ, ಓದುವ ಮಕ್ಕಳಿಲ್ಲ. ಹೀಗಿರುವಾಗ ಒಂದು ದಿನ ನಸೀಮಾ ಫೋನ್ ಮಾಡಿದಳು. ಕಿರವತ್ತಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವ ಖಾದರ್‌ಸಾಬರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ತನ್ನ ಪಿಎಚ್.ಡಿ. ಪ್ರಬಂಧವನ್ನು ತರ್ಕಶಾಸ್ತ್ರದ ಒಂದು ದೊಡ್ಡ ಪ್ರಶಸ್ತಿಗೆ ನಾನು ನಾಮನಿರ್ದೇಶನ ಮಾಡಬೇಕಂತೆ. ಪಂಚೆ ಸರಿಮಾಡಿಕೊಂಡು ಎದ್ದು ನಿಂತೇ ಮಾತಾಡಿದೆ.

ಆ ಕೆಲಸ ಅವಳ ಮಾರ್ಗದರ್ಶಕರದು. ಅವರು ಪ್ರಬಂಧ ಒಪ್ಪಿಗೆಯಾದ ತಿಂಗಳಲ್ಲೇ ತೀರಿಕೊಂಡಿದ್ದರು. ಪ್ರಶಸ್ತಿ ಬಂದರೆ ಎರಡು ವರ್ಷದ ಸಂಶೋಧನಾ ಹುದ್ದೆಯೂ ಸಿಗುತ್ತದೆ. ಇಲ್ಲದಿದ್ದರೆ ಅತಿಥಿ ಉಪನ್ಯಾಸಕಿಯಾಗಿ ಊರೂರು ತಿರುಗುವುದು ತಪ್ಪುವುದಿಲ್ಲ. ಒಂದು ಪ್ರಬಂಧಕ್ಕೆ ಒಂದೇ ಸಲ ಅವಕಾಶ. ಚಿಂತೆ ಮಾಡಬೇಡ, ಪ್ರಶಸ್ತಿ ಬಂತೆಂದೇ ತಿಳಿ ಎಂದು ಭರವಸೆ ಕೊಟ್ಟೆ.

ಪ್ರಬಂಧ ಬಂತು. ಮುನ್ನೂರು ಪುಟ, ಅಕ್ಷರಗಳಿಗಿಂತ ಚಿಹ್ನೆಗಳೇ ಹೆಚ್ಚು. ನಾನು ಜೀವಮಾನವಿಡೀ ಪಿಯುಸಿ ಮಕ್ಕಳಿಗೆ ಮನುಷ್ಯರೆಲ್ಲ ಮರಣಶೀಲರು ಎಂದು ಕಲಿಸಿದವನು. ತರ್ಕಶಾಸ್ತ್ರ ನನಗೆ ಹೇಳದೆ ಇಷ್ಟು ಮುಂದೆ ಹೋಗಿದ್ದು ಗೊತ್ತೇ ಇರಲಿಲ್ಲ! ಮುನ್ನುಡಿ ಅರ್ಥವಾಯಿತು. ಕೊನೆಯ ಪುಟವೂ ಅರ್ಥವಾಯಿತು. ಅದು ಖಾಲಿ ಇತ್ತು.

ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುವುದು ಹೇಗೆ? ನಮ್ಮ ಕಡೆ ಊಟಕ್ಕೆ ಹೋದವನು ಸಾರಿಗೆ ಉಪ್ಪು ಒಂದು ಹರಳು ಕಮ್ಮಿ ಎನ್ನದಿದ್ದರೆ ಅವನು ರುಚಿಯನ್ನೇ ನೋಡಿಲ್ಲ ಎಂದು ಅರ್ಥ. ಆ ಪದ್ಧತಿಯಂತೆ ತಪ್ಪು ಹುಡುಕತೊಡಗಿದೆ. ಎರಡು ಅಚ್ಚಿನ ತಪ್ಪು ಸಿಕ್ಕವು. ನೂರಾ ಹನ್ನೊಂದನೇ ಪುಟದಲ್ಲಿ ತೆರೆದ ಒಂದು ಬ್ರಾಕೆಟ್ ಮುಂದೆ ಎಲ್ಲೂ ಮುಚ್ಚಿರಲಿಲ್ಲ. ಸಿಕ್ಕ ಸಂತೋಷಕ್ಕೆ ಅದರ ಸುತ್ತ ದೊಡ್ಡದೊಂದು ಸೊನ್ನೆ ಸುತ್ತಿದೆ. ಮೂರನ್ನೂ ಪ್ರಶಸ್ತಿ ಸಮಿತಿಗೆ ಕಳಿಸುವ ನಾಮನಿರ್ದೇಶನ ಪತ್ರದಲ್ಲಿ ಬರೆದು, ಉಳಿದಂತೆ ಪ್ರಬಂಧ ಅಡ್ಡಿಯಿಲ್ಲ ಎಂದು ಮುಗಿಸಿದೆ. ನನ್ನ ಮಟ್ಟಿಗೆ ಅದು ಪರಮಾವಧಿ ಹೊಗಳಿಕೆ.

ಹೆಂಡತಿ ಓದಿ ನೋಡಿದಳು.

"ಒಂದೂ ಒಳ್ಳೆ ಮಾತು ಇಲ್ಲೆ ಇದ್ರಲ್ಲಿ."

"ಆನು ಪೂರ್ತಿ ಓದಿದ್ದಿ ಹೇಳಿ ಅವ್ಕೆ ಗೊತ್ತಾಗವು" ಎಂದೆ.

ನಾನು ಪೂರ್ತಿ ಓದಿದ್ದು ಅವರಿಗೆ ಚೆನ್ನಾಗಿಯೇ ಗೊತ್ತಾಯಿತು. ಈ ಬ್ರಾಕೆಟ್ ದೋಷದಿಂದ ಪ್ರಬಂಧದ ಮುಖ್ಯ ವಾದಕ್ಕೆ ಧಕ್ಕೆಯಿದೆಯೇ ಎಂದು ಸಮಿತಿ ನನ್ನನ್ನು ಕೇಳಿತು. ಹೇಳಬೇಕಾದರೆ ಮುಖ್ಯ ವಾದ ಯಾವುದೆಂದು ತಿಳಿದಿರಬೇಕಲ್ಲ! ತಜ್ಞರಿಂದ ಪರಿಶೀಲನೆ ಮಾಡಿಸುವುದು ಕ್ಷೇಮವೆಂದು ಗಂಭೀರವಾಗಿ ಉತ್ತರ ಬರೆದೆ. ಮೊದಲ ಸುತ್ತಿನಲ್ಲಿ ಅವರು ಪತ್ರಗಳನ್ನಷ್ಟೇ ನೋಡುತ್ತಾರೆಂದು ಆಮೇಲೆ ತಿಳಿಯಿತು. ಕಳಿಸಿದವನಿಗೇ ನಂಬಿಕೆಯಿಲ್ಲದ ಪ್ರಬಂಧವನ್ನು ತೆರೆಯದೆಯೇ ಕೈಬಿಟ್ಟಿದ್ದರು.

ಮುಂದಿನ ವಾರ ನಸೀಮಾ ಯಲ್ಲಾಪುರದ ಬಸ್ಸಿನಲ್ಲಿ ಬಂದಳು. ನನ್ನ ಪತ್ರದ ಪ್ರತಿಯನ್ನು ಸಮಿತಿ ಅವಳಿಗೂ ಕಳಿಸಿತ್ತು. ಪ್ರಬಂಧ ತರಿಸಿಕೊಂಡು ಆ ಪುಟ ತೆರೆದಳು. ಹಾಳೆ ಮುಂದಿನ ಹಾಳೆಗೆ ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ದೋಸೆ ತಿನ್ನುತ್ತಾ ಓದಿದ್ದೆನಲ್ಲ, ಜೋನಿಬೆಲ್ಲದ ಅಂಟು! ನೂರಾ ಹನ್ನೆರಡನೇ ಪುಟದ ಮೊದಲ ಸಾಲಿನಲ್ಲೇ ಬ್ರಾಕೆಟ್ ಮುಚ್ಚಿತ್ತು. ತಲೆ ಎತ್ತಿ ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ.

"ಪ್ರಶಸ್ತಿ ಹೋದ್ರ ಹೋಗ್ಲಿ ಸರ್. ಪಿಯುಸಿಯಿಂದ್ಲೂ ನಿಮ್ಮ ಬಾಯಾಗ ಒಮ್ಮೆ 'ಚಲೋ ಮಾಡೀದಿ' ಅಂತ ಕೇಳ್ಬೇಕು ಅಂತ ಆಸೆ ಇತ್ತು. ಪತ್ರದಾಗರ ಬರೀತೀರಿ ಅನ್ಕೊಂಡಿದ್ದೆ."

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬೇಕಿತ್ತೇ? ಚಲೋ ಮಾಡಿದ್ದೀಯ ಮಗಳೇ ಎಂಬುದು ಗಂಟಲವರೆಗೂ ಬಂತು. ಬಾಯಿ ತೆರೆದೆ.

"ಐದರ ಬಸ್ಸು ತಪ್ಪಿಸಿಕೊಳ್ಳಬೇಡ" ಎಂದೆ.

ಅವಳು ಹೋದಳು. ಪ್ರಬಂಧ ಜಗಲಿಯ ಮೇಲೇ ಉಳಿದಿತ್ತು. ನನಗೆ ಅಳು ಬಂತು. ಆ ಸೊನ್ನೆಯನ್ನಾದರೂ ಅಳಿಸೋಣವೆಂದು ರಬ್ಬರು ಹುಡುಕಿ ತಂದು ತಿಕ್ಕಿದೆ. ಹಾಳೆ ಸವೆಯಿತು, ಸೊನ್ನೆ ಹೋಗಲಿಲ್ಲ. ಮಕ್ಕಳ ತಪ್ಪನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ ನನಗೆ ಅಭ್ಯಾಸವೇ ಇಲ್ಲ. ಅದು ಕೆಂಪು ಶಾಯಿ.