ಮಸ್ಕತ್ತಿನ ಸೆಕೆಗೆ ಮಾವನ ಸ್ವೆಟರು

ಒಂದೇ ತೋಳಿನ ಸ್ವೆಟರುಗಳನ್ನು ಮಾರುವ ಅಂಗಡಿ ಎಂಬುದೇನಾದರೂ ಈ ಜಗತ್ತಿನಲ್ಲಿದ್ದರೆ, ಅದಕ್ಕೆ ಸರಕು ಪೂರೈಸುವ ಯೋಗ್ಯತೆ ಇದ್ದದ್ದು ನನ್ನ ಸೋದರಮಾವ ಒಬ್ಬರಿಗೇ. ಅದೂ ಎಲ್ಲಿ ಕುಳಿತು ಹೆಣೆದ ಸ್ವೆಟರುಗಳು ಅಂದುಕೊಂಡಿರಿ? ಶಿಮ್ಲಾದಲ್ಲಲ್ಲ, ಊಟಿಯಲ್ಲೂ ಅಲ್ಲ. ಮಸ್ಕತ್ತಿನಲ್ಲಿ! ಮೇ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾಕ್ಕೆ ಆಗುವಂಥ ನೀರು ಬರುವ, ಬಾಲ್ಕನಿಗೆ ಒಯ್ದ ಒದ್ದೆ ಬಟ್ಟೆ ಕ್ಲಿಪ್ಪು ಹುಡುಕುವಷ್ಟರಲ್ಲಿ ಒಣಗಿಬಿಡುವ ಊರಿನಲ್ಲಿ!

ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ನಾನು ಅಲ್ಲಿನ ಅಲ್ ಗುಬ್ರಾ ಬಡಾವಣೆಯ ಫ್ಲ್ಯಾಟಿಗೆ ಬಂದಾಗ ಮಾವ ಆಗಲೇ ಹಳೆಯ ಮಸ್ಕತ್ತಿಗರು. ಪೇಟೆಯ ಕಡೆ, ರೂವಿಯ ಒಂದು ಕಂಪೆನಿಯಲ್ಲಿ ಆಫೀಸು ಸೂಪರ್‌ವೈಸರು. ಅಲ್ಲೇ ಒಂದು ರೂಮಿನಲ್ಲಿ ಒಬ್ಬರೇ ಇದ್ದರು. ಮದುವೆ ಆಗಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಹೆಣ್ಣು ನೋಡುವುದು, ರಜೆ ಮುಗಿದೊಡನೆ ವಿಮಾನ ಹತ್ತುವುದು. "ಅವನ ಮದುವೆಯೂ ಒಂದು ತೋಳಿಗೇ ನಿಂತದ್ದು" ಎಂದು ನನ್ನ ಅಮ್ಮ ಹೇಳುತ್ತಿದ್ದರು. ಪ್ರತಿ ಶುಕ್ರವಾರ ಅವರು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಬಂಗುಡೆ ಸಾರು ತಿನ್ನುವವರೆಗೆ ಮಾತು, ತಿಂದ ಮೇಲೆ ಸಿಗರೇಟು.

ಆ ಸಿಗರೇಟೇ ಎಲ್ಲಕ್ಕೂ ಮೂಲ. ಕೆಮ್ಮು ಜಾಸ್ತಿಯಾಗಿ ಡಾಕ್ಟರ ಹತ್ತಿರ ಹೋದರೆ, ಅವರು "ಬಿಟ್ಟುಬಿಡಿ, ಕೈಗೆ ಬೇರೇನಾದರೂ ಕೆಲಸ ಕೊಡಿ" ಎಂದರಂತೆ. ಕೈಗೆ ಎಂಥ ಕೆಲಸ ಕೊಡುವುದು? ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಮಂಗಳೂರಿನ ಕೊಂಕಣಿ ಬಾಯಮ್ಮ ಒಬ್ಬರಿದ್ದರು. ಕೆನಡಾದಲ್ಲಿದ್ದ ಮೊಮ್ಮಗನಿಗೆಂದು ಸದಾ ಏನಾದರೂ ಹೆಣೆಯುತ್ತಿದ್ದರು. ಒಂದು ಶುಕ್ರವಾರ ಅವರು ನಮ್ಮ ಸೋಫಾದಲ್ಲಿ ಕುಳಿತು ಹೆಣೆಯುವುದನ್ನು ನೋಡಿ ಮಾವ ನಕ್ಕರು.

"ಇದೆಂತ ದೊಡ್ಡ ಸಂಗತಿ ಬಾಯಮ್ಮ? ಎರಡು ಕಡ್ಡಿ, ಒಂದು ದಾರ!"

"ಹೌದಾ? ಹಾಗಾದ್ರೆ ಹಿಡೀರಿ ನೋಡುವಾ."

ಮಾವ ಹಿಡಿದರು. ಸಂಜೆಯವರೆಗೆ ಬಿಡಲಿಲ್ಲ. ಬಾಯಮ್ಮ ಅದನ್ನು ಬೆಳಕಿಗೆ ಹಿಡಿದು, "ಇದೆಂತದು, ಮೀನಿನ ಬಲೆಯಾ?" ಎಂದರು.

"ನಾವು ಮಲ್ಪೆ ಕಡೆಯವರಲ್ವಾ, ಅದು ರಕ್ತದಲ್ಲೇ ಉಂಟು!" ಎಂದರು ಮಾವ.

ಸುಳ್ಳೇಕೆ ಹೇಳಲಿ, ಕೆಲವೇ ವಾರಗಳಲ್ಲಿ ಅವರ ಕೈ ಪಳಗಿತು. ಬಾಯಮ್ಮನೇ ಬೆರಗಾಗುವಷ್ಟು ಸಮನಾದ ಕುಣಿಕೆಗಳು. ಎಳೆದು ಕಟ್ಟಿದಂತೆ ನೇರವಾದ ಸಾಲುಗಳು. ಸಿಗರೇಟು ಪೂರ್ತಿ ನಿಂತಿತು. ಕೆಮ್ಮು ಹೋಯಿತು. ಆದರೆ ಸಿಗರೇಟಿಗೊಂದು ಕೊನೆಯಿತ್ತಲ್ಲ, ಸೇದಿದರೆ ಅದು ತಾನಾಗಿಯೇ ಮುಗಿಯುತ್ತಿತ್ತು! ಸ್ವೆಟರು ಹಾಗಲ್ಲ. ಬೆನ್ನಿನ ಭಾಗವನ್ನು ಮಾವ ಹಸಿದವನು ಅನ್ನ ಉಂಡಂತೆ ಹೆಣೆಯುತ್ತಿದ್ದರು. ಎದೆಯ ಭಾಗ ನಿಧಾನ. ಒಂದು ತೋಳಿಗೆ ಬರುವಾಗ ಕಣ್ಣು ಕಿಟಕಿಯ ಕಡೆ. ಅಷ್ಟರಲ್ಲಿ ರೂವಿಯ ಅಂಗಡಿಯಲ್ಲಿ ಹೊಸ ಬಣ್ಣದ ಉಣ್ಣೆ ಕಾಣಿಸುತ್ತಿತ್ತು. ಅಲ್ಲಿಗೆ ಹಳೆಯದು ಖಲಾಸ್!

ನನ್ನ ಗಂಡನಿಗೆ ಒಮ್ಮೆ ಡಿಸೆಂಬರಿನಲ್ಲಿ ದೆಹಲಿಗೆ ಹೋಗಬೇಕಾಗಿ ಬಂತು. "ಅಂಗಡಿ ಸ್ವೆಟರ್ ತಗೊಂಡ್ರೆ ನನ್ನ ಮೇಲೆ ಆಣೆ" ಎಂದು ಮಾವ ನೀಲಿ ಉಣ್ಣೆ ಹಿಡಿದು ಕುಳಿತರು. ಅಳತೆ ನೋಡಲೆಂದು ಒಂದು ಶುಕ್ರವಾರ ಅದನ್ನು ಕಡ್ಡಿಗಳ ಸಮೇತ ನನ್ನ ಗಂಡನ ತಲೆಯ ಮೇಲಿಂದ ಇಳಿಸಿದರು. ಇಳಿಯಿತು, ಹತ್ತಲಿಲ್ಲ! ಕಂಕುಳಿಗೊಂದು ಕಡ್ಡಿ, ಕತ್ತಿಗೊಂದು ಕಡ್ಡಿ. ಅದೇ ಹೊತ್ತಿಗೆ ಕರೆಂಟು ಹೋಗಿ ಎ.ಸಿ. ಬೇರೆ ನಿಂತಿತು.

"ಮಾವ, ಒಮ್ಮೆ ತೆಗೀರಿ, ಉಸಿರು ಕಟ್ತದೆ!"

"ಅಲುಗಾಡ್ಬೇಡಿ ಮಾರಾಯ್ರೆ, ಕುಣಿಕೆ ಜಾರ್ತದೆ! ಉಸಿರು ಆಮೇಲೆ ತಗೊಳ್ಳುವಾ."

ಗದ್ದೆಯ ಬೆರ್ಚಪ್ಪನ ಹಾಗೆ ಎರಡೂ ಕೈ ಚಾಚಿ, ಬೆವರಿನ ಕಾಲುವೆಯಾಗಿ ನಿಂತಿದ್ದ ಗಂಡನ ಬಾಯಿಗೆ ನಾನೇ ನೀರು ಹಾಕಬೇಕಾಯಿತು. ಕೊನೆಗೆ ಅವರು ದೆಹಲಿಗೆ ಹೋದದ್ದು ಗೆಳೆಯನ ಕೋಟಿನಲ್ಲಿ. ಮರುವರ್ಷ ಎರಡನೆಯ ತೋಳು ಇನ್ನೇನು ಮುಗಿಯುತ್ತದೆ ಎನ್ನುವಾಗ ಮತ್ತೆ ಹಾಕಿ ನೋಡಿದರೆ ಎದೆಯ ಭಾಗ ಹೊಟ್ಟೆಯ ಬಳಿ ಸಿಕ್ಕಿಕೊಂಡಿತು. ಗಲ್ಫಿನ ತುಪ್ಪ, ಬಿರಿಯಾನಿ ಸುಮ್ಮನಿರುತ್ತವೆಯೇ? ಮಾವ ನನ್ನ ಕಡೆ ತಿರುಗಿ, "ನನ್ನ ಸ್ವೆಟರ್ ಇದ್ದಲ್ಲೇ ಉಂಟು. ಮುಂದೆ ಬಂದದ್ದು ನಿನ್ನ ಗಂಡ!" ಎಂದರು.

ಗಂಡಸು ಹೆಣೆಯುತ್ತಾನೆಂದರೆ ನಮ್ಮವರು ನಗದಿರುತ್ತಾರೆಯೇ? ನಮ್ಮ ಮನೆಯಲ್ಲೊಂದು ಸಂಜೆ ಊರಿನವರೆಲ್ಲ ಸೇರಿದ್ದರು. ಮಾವ ತಮ್ಮ ಆಫೀಸಿನ ಒಮಾನಿ ಮುದೀರರನ್ನೂ ಕರೆತಂದಿದ್ದರು. ಮುದೀರ್ ಎಂದರೆ ಅವರ ಮ್ಯಾನೇಜರು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಮಾವ ಚೀಲದಿಂದ ಕಡ್ಡಿ ತೆಗೆದದ್ದೇ ತಡ, ಒಬ್ಬರು "ಎಂತ ಮಾರಾಯ್ರೆ, ಮುಂದಿನ ಸಲ ಊರಿಂದ ಬಳೆ ತರ್ಬೇಕಾ?" ಎಂದರು. ಎಲ್ಲರೂ ಹೋ ಎಂದು ನಕ್ಕರು. ನಗೆಯ ಕಾರಣ ಕೇಳಿ ತಿಳಿದ ಮುದೀರರು ಮಾತ್ರ ನಗಲಿಲ್ಲ.

"ಇದರಲ್ಲಿ ನಗುವುದೇನಿದೆ? ನಮ್ಮ ಬೆಟ್ಟದ ಊರಲ್ಲಿ ಉಣ್ಣೆ ನೂಲುವುದು, ನೇಯುವುದು ಎಲ್ಲ ಗಂಡಸರೇ. ನನ್ನ ತಂದೆ ಮೇಕೆಗಳ ಹಿಂದೆ ನಡೆಯುತ್ತಲೇ ನೂಲುತ್ತಾರೆ" ಎಂದರು ಹಿಂದಿಯಲ್ಲಿ.

ಮಾವನ ಎದೆ ಉಬ್ಬಿತು. ಮುದೀರರು ಸ್ವೆಟರನ್ನು ಎತ್ತಿ ಹಿಂದೆ ಮುಂದೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಆದರೆ ಇನ್ನೊಂದು ತೋಳೆಲ್ಲಿ?"

ಉಬ್ಬಿದ ಎದೆ ಅಲ್ಲಿಂದಲೇ ಇಳಿಯಿತು. ಆದರೂ ಮಾವ ಬಿಡುವವರೇ? ಆ ಬೆಟ್ಟದ ಚಳಿಗೆ ಮುದೀರರ ತಂದೆಗೊಂದು ಸ್ವೆಟರು ಎಂದು ಅಲ್ಲೇ ಮಾತು ಕೊಟ್ಟರು. ಚಳಿಗಾಲ ಬಂತು, ಹೋಯಿತು. ಮತ್ತೊಂದು ಬಂತು. ಮುದೀರರು ಆಗಾಗ ಮಾವನ ಮೇಜಿನ ಬಳಿ ನಿಂತು "ಖಲಾಸ್?" ಎನ್ನುವುದು, ಮಾವ ತಲೆ ಎತ್ತದೆ "ಇನ್ಶಾ ಅಲ್ಲಾ" ಎನ್ನುವುದು. ಕೊನೆಗೊಂದು ದಿನ ಮುದೀರರು, "ಈ ಮಾತನ್ನು ನಮಗಿಂತ ಚೆನ್ನಾಗಿ ನೀನೇ ಕಲಿತೆ" ಎಂದು, ಇದ್ದಷ್ಟನ್ನೇ ಕಡ್ಡಿಯಿಂದ ಬಿಡಿಸಿಕೊಂಡು ಊರಿಗೆ ಒಯ್ದರು. ಮುದುಕರು ಅದನ್ನು ಆಗ ತಾನೇ ಹುಟ್ಟಿದ ಮೇಕೆಮರಿಗೆ ಹೊದೆಸಿ ಬಹಳ ಸಂತೋಷಪಟ್ಟರಂತೆ. ಮೇಕೆಗೆ ತೋಳಿನ ಗೊಡವೆ ಇಲ್ಲವಲ್ಲ!

ಹೀಗೆ ನಗುತ್ತಲೇ ಇದ್ದ ನಾವು ಒಂದು ವರ್ಷ ನಗುವುದನ್ನು ನಿಲ್ಲಿಸಿದೆವು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನನ್ನ ಮಗಳು ದಿನ ತುಂಬುವ ಎಷ್ಟೋ ಮೊದಲೇ ಹುಟ್ಟಿಬಿಟ್ಟಳು. ಅಂಗೈಯಲ್ಲಿ ಹಿಡಿಯಬಹುದಾದಷ್ಟೇ ಮಗು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ, ನಳಿಕೆಗಳ ನಡುವೆ ಮಲಗಿದ್ದಳು. ಡಾಕ್ಟರು "ನೋಡೋಣ" ಎನ್ನುವುದರ ಆಚೆಗೆ ಏನನ್ನೂ ಹೇಳುತ್ತಿರಲಿಲ್ಲ. ಅಮ್ಮನಿಗೆ ಊರಿನಿಂದ ಬರಲು ವೀಸಾ ಇನ್ನೂ ಸಿಕ್ಕಿರಲಿಲ್ಲ. ಆಫೀಸು ಬಿಟ್ಟೊಡನೆ ಮಾವ ಟ್ಯಾಕ್ಸಿ ಹಿಡಿದು ಬರುತ್ತಿದ್ದರು. ಒಳಗೆ ಬಿಡುವುದು ತಂದೆತಾಯಿಯರನ್ನು ಮಾತ್ರ. ಅವರು ಹೊರಗಿನ ಬೆಂಚಿನ ಮೇಲೆ ಕುಳಿತು ಮಗುವಿಗೊಂದು ಹಳದಿ ಟೊಪ್ಪಿ ಹೆಣೆಯತೊಡಗಿದರು. ಮನೆಗೆ ಹೋಗುವಾಗ ಹಾಕಲಿಕ್ಕಂತೆ.

ಕಿತ್ತಳೆಯಷ್ಟು ತಲೆಗೆ ಟೊಪ್ಪಿ ಎಷ್ಟು ಹೊತ್ತಿನ ಕೆಲಸ? ನಾನು ನೋಡುವಾಗಲೆಲ್ಲ ಅದು ಇನ್ನೇನು ಮುಗಿಯಿತು ಎನ್ನುವ ಹಾಗಿರುತ್ತಿತ್ತು. ಮರುದಿನ ನೋಡಿದರೆ ಮತ್ತೆ ಅರ್ಧಕ್ಕೆ. ಹಾಲು ಕೊಟ್ಟು ಹೊರಬಂದ ಒಂದು ಸಂಜೆ, ನಾನು ಬಂದದ್ದು ತಿಳಿಯದೆ ಮಾವ ಹೆಣೆದ ಸಾಲುಗಳನ್ನು ಒಂದೊಂದಾಗಿ ಬಿಚ್ಚುತ್ತಿರುವುದು ಕಾಣಿಸಿತು. ನಿದ್ದೆಗೆಟ್ಟ ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

"ಇದನ್ನಾದ್ರೂ ಮುಗಿಸ್ಲಿಕ್ಕೆ ಆಗುದಿಲ್ವಾ ಮಾವ ನಿಮ್ಗೆ?"

ಮಾವ ತಲೆ ಎತ್ತಲಿಲ್ಲ. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಇದ್ದರು.

"ಮುಗಿಸ್ಲಿಕ್ಕೆ ಆಗ್ತದೆ ಮಗಾ. ಆದ್ರೆ ಹೆದರಿಕೆ ಆಗ್ತದೆ" ಎಂದರು. "ಇದು ಮುಗಿಯದೆ ಅವಳು ಎಲ್ಲಿಗೂ ಹೋಗ್ಲಿಕ್ಕಿಲ್ಲ. ಟೊಪ್ಪಿಗೆ ಕಾಯ್ತಾಳೆ. ಹಾಗೆ ಒಂದು ಲೆಕ್ಕ ನಂದು."

ನಾನು ಅವರ ಪಕ್ಕದಲ್ಲಿ ಕುಳಿತೆ. ಅವರು ಮತ್ತೆ ಕುಣಿಕೆ ಹಾಕತೊಡಗಿದರು.

ಮಗಳು ಕಾದಳು. ನಳಿಕೆಗಳು ಒಂದೊಂದಾಗಿ ಹೋದವು. ಕೆನ್ನೆ ಬಂತು, ಅಳುವಿಗೆ ದನಿ ಬಂತು. ಒಂದು ಬೆಳಿಗ್ಗೆ ಡಾಕ್ಟರು "ನೋಡೋಣ" ಎನ್ನಲಿಲ್ಲ, "ಕರೆದುಕೊಂಡು ಹೋಗಿ" ಎಂದರು. ನನ್ನ ಗಂಡ ಮಾವನ ಆಫೀಸಿಗೆ ಫೋನು ಮಾಡಿದರು. ನಾನು ಮಗುವನ್ನೆತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಮಾವ ಅದೇ ಬೆಂಚಿನ ಮೇಲಿದ್ದರು. ಕಡ್ಡಿಗಳು ಓಡುತ್ತಿದ್ದವು.

"ಯಲ್ಲಾ ಮಾವ, ಹೊರಡುವಾ. ಕಾರು ಬಂತು" ಎಂದರು ನನ್ನ ಗಂಡ.

"ಒಂದು ನಿಮಿಷ ನಿಲ್ಲಿ ಮಾರಾಯ್ರೆ. ಒಂದೇ ಸಾಲು."

ನಾವು ನಿಂತೆವು. ಮಾವ ಕೊನೆಯ ಕುಣಿಕೆಯನ್ನು ಎಳೆದು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದರು. ಟೊಪ್ಪಿಯನ್ನು ಅವಳ ತಲೆಗೆ ಹಾಕಿದರು. ಕಿವಿಯೂ ಮುಚ್ಚಿತು, ಹಣೆಯೂ ಬೆಚ್ಚಗಾಯಿತು. ಹೊರಗೆ ಸುಡುವ ಬಿಸಿಲು. ಯಾರೂ ಅದನ್ನು ತೆಗೆಯಲಿಲ್ಲ.