ಕ್ಯಾನ್ಸರ್ ಕೋಶಕ್ಕೆ ಬಂದ ಜ್ವರ

ಕ್ಯಾನ್ಸರ್ ಕೋಶ ಸಾಕುವ ಹೆಂಗಸಿಗೆ ನಮ್ಮ ಕಡೆ ನೆಮ್ಮದಿಯಿಲ್ಲ, ಒಬ್ಬರಲ್ಲ ಒಬ್ಬರು ತಗುಲಿಕೊಳ್ಳುತ್ತಲೇ ಇರುತ್ತಾರೆ. ನಾನು ಮಾಡುವುದಿಷ್ಟೆ: ಚಿಕ್ಕಬಳ್ಳಾಪುರದ ಪ್ರಯೋಗಾಲಯದಲ್ಲಿ ಆ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಔಷಧಿ ಹಾಕಿ, ಅವುಗಳ ಮೈ ಹೇಗೆ ಬದಲಾಗುತ್ತದೆಂದು ನೋಡುವುದು. ಒಂದು ಔಷಧಿಗೆ ಮೈಮೇಲಿನ ಎಳೆಗಳು ಉದುರಿ ನುಣ್ಣಗಾಗುತ್ತವೆ, ಇನ್ನೊಂದಕ್ಕೆ ಗುಳ್ಳೆ ಏಳುತ್ತವೆ. ಈ ಕೆಲಸ ಬಿಡಿಸಲು ನೋಡಿದವರು ಬಹಳ. ನಾನು ಬಿಡುವವಳಲ್ಲ.

ಬಸ್ಸಿನಲ್ಲಿ

ಚಿಂತಾಮಣಿ ಬಸ್ಸಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಪಕ್ಕದ ಹೆಂಗಸು, "ಏನ್ ಕೆಲ್ಸಮ್ಮ ನಿಂದು?" ಎಂದಳು.

"ಕ್ಯಾನ್ಸರ್ ಸಾಕ್ತೀನಿ."

"ಅಮ್ಮೋ! ಎಕ್ಕಡ?" ಎಲ್ಲಿ ಎಂದು ಕೇಳಲು ಗಾಬರಿಯಲ್ಲಿ ಅವಳಿಗೆ ತೆಲುಗೇ ಬಂತು.

ಉತ್ತರ ಹೇಳುವಷ್ಟರಲ್ಲಿ ಸೀಟು ಪೂರ್ತಿ ನನ್ನದಾಗಿತ್ತು. ಈಗ ಬಸ್ಸು ತುಂಬಿದ್ದರೆ ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ.

ಹೆಣ್ಣು ನೋಡಲು ಬಂದವರು

ಗೌರಿಬಿದನೂರಿನಿಂದ ಬಂದ ಗಂಡಿನ ತಾಯಿ ಎಲ್ಲ ವಿಚಾರಿಸಿ, "ಮದ್ವೆ ಆದ್ಮೇಲೆ ಈ ಕೆಲ್ಸ ಬೇಡಮ್ಮ" ಎಂದರು. ಆಮೇಲೆ ದನಿ ತಗ್ಗಿಸಿ, "ಮೈ ನುಣ್ಣಗಾಗೋ ಔಷ್ಧಿ ಅಂದ್ಯಲ್ಲ, ಅದೊಂದು ಬಾಟ್ಲಿ ಸಿಗುತ್ತಾ?"

"ಸಿಗುತ್ತೆ ಆಂಟಿ. ನುಣ್ಣಗಾದ್ಮೇಲೆ ಸಾಯ್ತವೆ, ಪರ್ವಾಗಿಲ್ವಾ?"

ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಅಮ್ಮ ಸಿಟ್ಟಿನಿಂದ ಆ ಉಪ್ಪಿಟ್ಟನ್ನು ನನಗೇ ತಿನ್ನಿಸಿದಳು.

ಜ್ವರ

ಅಮ್ಮ ಶಿಡ್ಲಘಟ್ಟದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಾಳೆ. ಹುಳು ಮೇವು ಬಿಟ್ಟು, ಸುಮ್ಮನಾಗಿ, ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಮುಂಚೆ ನಾಲ್ಕು ಜ್ವರ. ಔಷಧಿ ಹಾಕಿದ ನನ್ನ ಕೋಶಗಳೂ ಬೆಳೆಯುವುದು ಬಿಟ್ಟು ಮೈ ಬದಲಿಸುತ್ತಿದ್ದವು. ಫೋನಿನಲ್ಲಿ ಅಮ್ಮ ಕೇಳುತ್ತಿದ್ದಳು, "ಜ್ವರದಿಂದ ಎದ್ವೇನೇ?" ಆ ಮಾತು ನನ್ನ ಬಾಯಿಗೂ ಅಂಟಿತ್ತು.

ನನ್ನ ಕೆಲಸ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಬೆಂಗಳೂರಿನಿಂದ ತಜ್ಞರೊಬ್ಬರು ಬಂದರು. ಬೇಡ ಎಂದರೆ ಕೋಶ, ತಟ್ಟೆ, ನಾನು, ಮೂವರೂ ಹೊರಗೆ. ಎಲ್ಲರೂ ಸೇರಿದ್ದ ಸಭೆಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸುತ್ತಾ, "ಇಲ್ಲಿ ಕೋಶಕ್ಕೆ ಜ್ವರ ಬಂದಿದೆ ಸರ್" ಎಂದುಬಿಟ್ಟೆ.

"ಜ್ವರವೇ? ಥರ್ಮಾಮೀಟರ್ ಎಲ್ಲಿಟ್ಟಿರಿ?"

ಸಭೆ ನಕ್ಕಿತು. ನನಗೆ ಉರಿದುಹೋಯಿತು. ಹುಳುವಿನ ಕಥೆ ಪೂರ್ತಿ ಹೇಳಿ, ಚಿತ್ರಗಳನ್ನು ಮತ್ತೆ ಮೊದಲಿನಿಂದ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು.

"ಕೆಲಸ ಚೆನ್ನಾಗಿದೆ. ಮುಂದುವರಿಸಿ. ಆದರೆ ಆ ಜ್ವರ ಅನ್ನೋ ಪದ ಇನ್ನೊಂದು ಸಲ ನನ್ನ ಕಣ್ಣಿಗೆ ಬೀಳಬಾರದು."

"ಆಗಲಿ ಸರ್" ಎಂದು ಮುಂದಿನ ಚಿತ್ರಕ್ಕೆ ಬಟನ್ ಒತ್ತಿದೆ. ಪರದೆಯ ತುಂಬಾ ದಪ್ಪಕ್ಷರದಲ್ಲಿ ಬಂತು: ಎರಡನೇ ಜ್ವರ.

ಅವರು ನನ್ನ ಮುಖ ನೋಡಿದರು.

"ಹಣ್ಣಾಗೋಕೆ ಇನ್ನೂ ಎರಡು ಬಾಕಿ ಇದೆ ಸರ್" ಎಂದೆ.