ಹದಿಮೂರು ಮಂದಿಗೆ ಚಮಕಿ ಉಗುರು

ಬಳ್ಳಾರಿಯ ಬ್ಯೂಟಿ ಪಾರ್ಲರುಗಳ ಕಾಲ ಇನ್ನು ಮುಗಿಯಿತು ಎಂದು ಫರ್ಜಾನಾ ಒಂದು ಬುಧವಾರ ಬೆಳಿಗ್ಗೆ ತೀರ್ಮಾನಿಸಿಬಿಟ್ಟಳು. ಪಾಪ, ಆ ಪಾರ್ಲರಿನವರಿಗೆ ಈ ಸಂಗತಿ ಇನ್ನೂ ಗೊತ್ತಿರಲಿಲ್ಲ!

ನಮ್ಮ ಗುಡ್ಡಗಳ ಮಣ್ಣನ್ನು ಚೀನಾದವರು ಮುಗಿಬಿದ್ದು ಕೊಳ್ಳುತ್ತಿದ್ದ ಕಾಲ ಅದು. ಊರಿನಲ್ಲಿ ಲಾರಿ ಹೆಚ್ಚಿದ ಹಾಗೆ ಧೂಳು ಹೆಚ್ಚಿತು, ಧೂಳು ಹೆಚ್ಚಿದ ಹಾಗೆ ಪಾರ್ಲರು ಹೆಚ್ಚಿದವು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆ ಹೊತ್ತಿಗೆ ಕಾವಿಯಾಗುವ ಊರಿನಲ್ಲಿ ಮುಖ ತೊಳೆಸಿಕೊಳ್ಳುವುದಕ್ಕೂ ಸರದಿ ಹಿಡಿಯಬೇಕಾಗಿತ್ತು! ಫರ್ಜಾನಾಳ ಗಂಡ ನಾಸಿರ್ ಸಹ ಎರಡು ಟಿಪ್ಪರ್ ಇಟ್ಟು ಅದಿರು ಹೊಡೆಸುತ್ತಿದ್ದ. ಗಾಂಧಿನಗರದ ಅವರ ಮನೆಯಲ್ಲಿ ಮುಂದಿನ ಕೋಣೆಯೊಂದು ಖಾಲಿ ಇತ್ತು. ಅಲ್ಲಿ ತನ್ನ ಪಾರ್ಲರು ಆಗಬೇಕು ಎಂದು ಫರ್ಜಾನಾಳ ಆಸೆ. ಅಲ್ಲಿ ಲಾರಿಯ ಟೈರು ಪೇರಿಸಬೇಕು ಎಂದು ನಾಸಿರನ ಆಸೆ.

"ಹೊರಗಿಟ್ರ ಟೈರು ಕಳುವಾಗ್ತಾವ ಫರ್ಜಾನಾ."

"ಒಳಗಿಟ್ರ ನನ್ನ ನಸೀಬು ಕಳುವಾಗ್ತೈತ್ರಿ!"

ತೀರ್ಪು ಹೇಳಬೇಕಾದವರು ಅತ್ತೆ ಖೈರುನ್ನೀಸಾ. ಆ ಮನೆಯ ಸುಪ್ರೀಂ ಕೋರ್ಟು ಅವರು. ಮೇಲ್ಮನವಿಗೆ ಜಾಗವೇ ಇಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಇಬ್ಬರ ವಾದವನ್ನೂ ಕೇಳಿ, ಅವರು ಹೇಳಿದರು:

"ಬರೋ ಐತವಾರ ಸಿರುಗುಪ್ಪದಾಗ ನಮ್ಮ ಉಸ್ಮಾನಣ್ಣನ ಮಗಳ ಮದುವಿ ಐತಿ. ಮನಿ ಹೆಣ್ಮಕ್ಕಳ ಕೈಗೆಲ್ಲಾ ನೀನ ಬಣ್ಣ ಹಚ್ಚು. ಕುರುಗೋಡಿನ ಬೀಗರ ಬಾಯಿಂದ ಒಂದು ಮಾತು ಬರಬಾರದು. ಬರಲಿಲ್ಲಂದ್ರ ಮುಂದಿನ ಕೋಲಿ ನಿಂದು. ಬಂತಂದ್ರ ಟೈರಿಂದು. ಇನ್ನೊಂದು ಕೇಳು. ಉಗುರಿನ ಮ್ಯಾಲ ಬಣ್ಣ ಕುಂತ್ರ ನೀರು ತಾಗಂಗಿಲ್ಲ, ವಜೂ ಆಗಂಗಿಲ್ಲ, ನಮಾಜೂ ಆಗಂಗಿಲ್ಲ. ಮಧ್ಯಾಹ್ನದ ಅಜಾನ್ ಆಗೋದ್ರಾಗ ಎಲ್ಲಾರ ಉಗುರೂ ಸಾಫ್ ಆಗಿರಬೇಕು."

"ಅದೇನು ದೊಡ್ಡ ಮಾತ್ರೀ ಅತ್ತಿ! ರಿಮೂವರ್ ಐತಿ. ಎರಡು ನಿಮಿಷ! ನಮಾಜ್ ಆದಮ್ಯಾಲ ಮತ್ತ ಹಚ್ಚತೀನಿ."

ಅವತ್ತೇ ಸಂಜೆ ಫರ್ಜಾನಾ ನಾದಿನಿ ಅಸ್ಮಾಳನ್ನು ಕರೆದುಕೊಂಡು ಮರಿಬಸಪ್ಪನ ಬಳೆ ಅಂಗಡಿಗೆ ದಂಡೆತ್ತಿ ಹೋದಳು. ಹಸಿರೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣ ಅವಳ ಮನಸ್ಸು ಹಿಡಿಯಿತು. ಸೀಸೆಯ ಮೇಲೆ 'ಟೀಲ್' ಎಂದಿತ್ತು. "ಸೀರಿ ಅಂಗಡಿಯಾಗ ಇದಕ್ಕ ರಾಮಾ ಗ್ರೀನ್ ಅಂತಾರ್ರೀ" ಎಂದ ಮರಿಬಸಪ್ಪ. "ನವಿಲಿನ ಕುತ್ತಿಗಿ ಇದ್ದಂಗೈತಿ ಭಾಬಿ!" ಎಂದಳು ಅಸ್ಮಾ. ಅದರ ಮೇಲೆ ಬಳಿಯಲು ಬೆಳ್ಳಿಯ ಚಮಕಿ ತುಂಬಿದ ಇನ್ನೊಂದು ಸೀಸೆ.

"ಇದು ಭಾಳ ಗಟ್ಟಿರಿ ಅಕ್ಕಾರ. ಒಮ್ಮಿ ಹತ್ತಿದ್ರ ಬಿಡಂಗೇ ಇಲ್ಲ" ಎಂದ ಮರಿಬಸಪ್ಪ.

ಗಂಡಾಂತರ ಎದುರಿಗೇ ನಿಂತು ಹೆಸರು ಹೇಳಿದರೂ ಫರ್ಜಾನಾ ಅದನ್ನು ಹೊಗಳಿಕೆ ಎಂದುಕೊಂಡಳು!

ಮನೆಯಲ್ಲಿ ಅಸ್ಮಾಳ ಉಗುರಿನ ಮೇಲೆ ಪ್ರಯೋಗ ನಡೆಯಿತು. ಮೊದಲ ಸಲ ಒಣಗಲೆಂದು ಕಿಟಕಿಯ ಹತ್ತಿರ ಕೂರಿಸಿದ್ದೇ ತಪ್ಪಾಯಿತು. ಹೊರಗೆ ನಾಲ್ಕು ಲಾರಿ ಹೋದವು. ಹಸಿ ಬಣ್ಣದ ಮೇಲೆ ಧೂಳು ಕೂತು ಹತ್ತೂ ಉಗುರಲ್ಲಿ ಗಣಿ ತೆರೆದಂತಾಯಿತು. "ಪರ್ಮಿಟ್ ಇಲ್ಲದ ಅದಿರು ತುಂಬೀಯಲ್ಲ!" ಎಂದು ನಾಸಿರ್ ನಕ್ಕ. ಫರ್ಜಾನಾ ಸೋಲುವವಳೇ? ಕಿಟಕಿ ಮುಚ್ಚಿ ಮತ್ತೆ ಹಚ್ಚಿದಳು. ಕನ್ನಡಿಯಂಥ ಬಣ್ಣ ಬಂತು! ಹತ್ತಿಗೆ ರಿಮೂವರ್ ಹಾಕಿ ಒರೆಸಿದಳು. ಎರಡೇ ನಿಮಿಷಕ್ಕೆ ಉಗುರು ಹುಟ್ಟಿದಾಗ ಇದ್ದ ಹಾಗೆ ಆಯಿತು. ಚಮಕಿ ಸೀಸೆಯನ್ನು ಮಾತ್ರ ಮದುವೆಗೇ ಒಡೆಯೋಣ ಎಂದು ಮುಚ್ಚಿಟ್ಟಳು. ಜನ್ಮದಲ್ಲಿ ಮೊದಲ ಸಲ ಮಾಡಿದ ಆ ಉಳಿತಾಯವೇ ಅವಳಿಗೆ ಮುಳುವಾಯಿತು.

ಭಾನುವಾರ ಸಿರುಗುಪ್ಪದಲ್ಲಿ ಉಸ್ಮಾನಸಾಬರ ಮನೆ ಗಿಜಿಗುಟ್ಟುತ್ತಿತ್ತು. ಮದುಮಗಳ ಕೈತುಂಬ ಮೆಹಂದಿ. ಅವಳಿಗೆ ಬಣ್ಣ ಬೇಡ. ಉಳಿದ ಹೆಂಗಸರು ಒಬ್ಬೊಬ್ಬರೇ ಬಂದು ಫರ್ಜಾನಾಳ ಮುಂದೆ ಕೈ ಚಾಚಿದರು. ಮೊದಲು ರಾಮಾ ಗ್ರೀನು, ಮೇಲೆ ಚಮಕಿ. ಹನ್ನೆರಡು ಮಂದಿಗೆ ಹಚ್ಚಿ ಮುಗಿಸಿ ಸೀಸೆ ಮುಚ್ಚುವಾಗ ಹದಿಮೂರನೆಯ ಕೈ ಮುಂದೆ ಬಂತು. ನೋಡಿದರೆ ಅತ್ತೆ!

"ಸುಮ್ನ ಹಚ್ಚು, ಯಾರರೆ ನೋಡ್ಯಾರು" ಎಂದರು ಖೈರುನ್ನೀಸಾ, ಸೆರಗಿನ ಮರೆಯಲ್ಲಿ ನಾಚಿಕೊಳ್ಳುತ್ತ.

ಫರ್ಜಾನಾಳ ಎದೆ ಉಬ್ಬಿತು. ಕೋಣೆಯ ಗೋಡೆಗೆ ಯಾವ ಬಣ್ಣ, ಬೋರ್ಡಿಗೆ ಯಾವ ಹೆಸರು, ಎಲ್ಲವೂ ಅಲ್ಲಿಯೇ ನಿಶ್ಚಯವಾದವು. ಕುರುಗೋಡಿನ ಬೀಗರು ಬಂದರು. ಇಪ್ಪತ್ತಾರು ಕೈ ಒಟ್ಟಿಗೆ ಶರಬತ್ತು ಕೊಟ್ಟಾಗ ವಿಡಿಯೋದವನು ಮದುಮಗನನ್ನು ಬಿಟ್ಟು ಲೋಟಗಳನ್ನೇ ಹಿಡಿಯುತ್ತಿದ್ದ! "ನೋಡ್ರೀ" ಎಂದು ಫರ್ಜಾನಾ ಗಂಡನ ಕಿವಿಯಲ್ಲಿ ಉಸುರಿದಳು, "ನಿಮ್ಮ ಟೈರಿಗೆ ಬ್ಯಾರೆ ಮನಿ ಹುಡುಕ್ರಿ."

ಅಷ್ಟರಲ್ಲಿ ಅಜಾನ್ ಕೂಗಿತು.

ಫರ್ಜಾನಾ ಒಳಕೋಣೆಯಲ್ಲಿ ಅಸ್ಮಾಳ ಕೈ ಹಿಡಿದು ಒರೆಸಿದಳು. ಹತ್ತಿ ಚಮಕಿಗೆ ಸಿಕ್ಕಿಕೊಂಡಿತು. ಎಳೆದಳು. ಚಮಕಿ ಬರಲಿಲ್ಲ, ಹತ್ತಿಯೇ ಉಗುರಿಗೆ ಅಂಟಿತು. ಇನ್ನಷ್ಟು ತಿಕ್ಕಿದಳು, ಇನ್ನಷ್ಟು ಅಂಟಿತು.

"ಭಾಬಿ, ನನ್ನ ಉಗುರಿಗೆ ಗಡ್ಡ ಬಂತು!" ಎಂದು ಅಸ್ಮಾ ಚೀರಿದಳು.

ನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ರಿಮೂವರ್ ಖಾಲಿ. ಇನ್ನೂ ಮುಟ್ಟದೆ ಉಳಿದದ್ದೇ ನೂರಿಪ್ಪತ್ತಾರು ಉಗುರು! ಫರ್ಜಾನಾ ಅಡಿಗೆಮನೆಗೆ ಓಡಿ ನಿಂಬೆಹಣ್ಣು ತಂದಳು, ಉಪ್ಪು ತಂದಳು, ಯಾರದೋ ಟೂತ್‌ಪೇಸ್ಟು ತಂದಳು, ಕಡೆಗೆ ಬಿರಿಯಾನಿ ಹಂಡೆ ಉಜ್ಜುವ ತೆಂಗಿನ ನಾರನ್ನೇ ತಂದಳು. ಅದನ್ನು ಕಂಡು ಇಬ್ಬರು ಹೆಂಗಸರು ಕೈ ಬೆನ್ನ ಹಿಂದೆ ಮಾಡಿ ಓಡಿಹೋದರು. ಚಮಕಿ ಮಾತ್ರ ಕದಲಲಿಲ್ಲ. ತಿಕ್ಕಿದಷ್ಟೂ ಹೊಳೆಯಿತು!

"ಖಾಜಿಸಾಬ್ರು ಬಂದ್ರು. ನಮಾಜ್ ಮುಗಿಸ್ರಿ, ನಿಕಾಹ್ ಆಗಬೇಕು!" ಎಂದು ಉಸ್ಮಾನಸಾಬರು ಹೊರಗಿನಿಂದ ಕೂಗಿದರು. ನಳದ ಹತ್ತಿರ ಹದಿಮೂರು ಮಂದಿ ಹೆಂಗಸರು ಕೈಕಾಲು ಮುಖ ತೊಳೆದು ವಜೂ ಮಾಡಲು ಕಾಯುತ್ತ ನಿಂತಿದ್ದರು. ಅವರ ಕಣ್ಣು ಫರ್ಜಾನಾಳ ಮೇಲೆ. ಫರ್ಜಾನಾಳ ಕಣ್ಣಲ್ಲಿ ಟೈರುಗಳು ಸಾಲುಸಾಲಾಗಿ ಉರುಳಿ ಬಂದು ಮುಂದಿನ ಕೋಣೆ ಸೇರುತ್ತಿದ್ದವು.

ಗಡಿಬಿಡಿ ಕೇಳಿ ನಾಸಿರ್ ಬಾಗಿಲಿಗೆ ಬಂದ. "ಜೀಪಿನ ಡಿಕ್ಕಿಯಾಗ ಥಿನ್ನರ್ ಐತಿ. ಲಾರಿ ಪೇಂಟ್ ಹೋಗತೈತಿ, ಇದು ಹೋಗಂಗಿಲ್ಲೇನು?"

ಬೇರೆ ದಿನವಾಗಿದ್ದರೆ ಫರ್ಜಾನಾ ಅವನಿಗೆ ಒಂದು ಭಾಷಣ ಬಿಗಿಯುತ್ತಿದ್ದಳು. ಅವತ್ತು "ಲಗೂನ ತರ್ರೀ" ಎಂದಳು. ಥಿನ್ನರ್ ಬಂತು. ಮತ್ತೆ ತಿಕ್ಕಿದಳು. ಮನೆಯೆಲ್ಲ ಲಾರಿ ಶೆಡ್ಡಿನ ವಾಸನೆ, ಚಮಕಿ ಇದ್ದಲ್ಲೇ!

ಖೈರುನ್ನೀಸಾ ಮುಂದೆ ಬಂದು ಸೊಸೆಯ ಕೈಯಿಂದ ಹತ್ತಿ ಕಿತ್ತುಕೊಂಡರು.

"ತಿಕ್ಕಬ್ಯಾಡ. ಕಟ್ಟು."

"ಏನು ಕಟ್ಟಲಿ ಅತ್ತಿ?"

"ನಮ್ಮ ಕಾಲದಾಗ ಬೆರಳ ತುದಿಗೆ ಮೆಹಂದಿ ಮೆತ್ತಿ ಎಲಿ ಸುತ್ತಿ ದಾರ ಕಟ್ಟತಿದ್ರು. ತಿಕ್ಕಿದ್ರ ಹತ್ತತೈತೇನು, ಬಿಡತೈತೇನು? ನೆನೀಬೇಕು! ಹೋಗು, ಎಲಿ ತಟ್ಟಿ ತಗೊಂಡು ಬಾ."

ಮದುವೆ ಮನೆಯಲ್ಲಿ ವೀಳ್ಯದೆಲೆಗೆ ಬರವೇ? ಖೈರುನ್ನೀಸಾ ಹತ್ತಿಯನ್ನು ಥಿನ್ನರಿನಲ್ಲಿ ನೆನೆಸಿ, ಉಗುರಿನ ಮೇಲೆ ಇಟ್ಟು, ಎಲೆ ಸುತ್ತಿ, ದಾರ ಬಿಗಿದರು. ಒಬ್ಬರ ಹಿಂದೆ ಒಬ್ಬರು. ಕಟ್ಟುವ ಕೈ ಬೇಕೆಂದು ತಮ್ಮ ಸರದಿಯನ್ನು ಕಡೆಗೆ ಇಟ್ಟುಕೊಂಡರು. ಹತ್ತತ್ತು ಬೆರಳಿಗೆ ಹಸಿರು ಟೋಪಿ ಹಾಕಿಕೊಂಡು ಉಳಿದ ಹನ್ನೆರಡು ಮಂದಿ ಗೋಡೆಗೆ ಒರಗಿ ಕೂತರು. ಯಾರಿಗೂ ಮೂಗು ತುರಿಸಿಕೊಳ್ಳುವ ಹಾಗಿಲ್ಲ!

ಅದೇ ಹೊತ್ತಿಗೆ ಕುರುಗೋಡಿನ ಬೀಗಿತ್ತಿ, ಅಂದರೆ ಮದುಮಗನ ತಾಯಿ, ಪರದೆ ಸರಿಸಿ ಒಳಗೆ ಬಂದರು. ಹೆಣ್ಣಿನ ಕಡೆಯ ಹೆಂಗಸರೆಲ್ಲ ಎಲ್ಲಿ ಮಾಯವಾದರು ಎಂದು ಹುಡುಕಿಕೊಂಡು ಬಂದಿದ್ದರು. ಎಲೆ ಕಟ್ಟಿಕೊಂಡ ನೂರಾರು ಬೆರಳು ನೋಡಿ ಅಲ್ಲಿಯೇ ನಿಂತರು. ಫರ್ಜಾನಾಳ ಕಣ್ಣು ಅವರ ಬಾಯಿಯ ಮೇಲೆ. ಒಂದು ಮಾತು! ಒಂದೇ ಒಂದು ಮಾತು ಬಂದರೆ ಪಾರ್ಲರು ಮುಗಿದಂತೆ!

ಅಷ್ಟರಲ್ಲಿ ಖೈರುನ್ನೀಸಾ ಅಸ್ಮಾಳ ಬೆರಳಿನ ದಾರ ಬಿಚ್ಚಿ, ಎಲೆಯನ್ನು ಅಮುಕಿ ಎಳೆದರು. ಬಣ್ಣ, ಚಮಕಿ, ಗಡ್ಡ ಎಲ್ಲವೂ ಎಲೆಯ ಜೊತೆ ಸರಕ್ಕನೆ ಬಂತು.

"ಯಾ ಅಲ್ಲಾ!" ಎಂದ ಬೀಗಿತ್ತಿ ಶಾಲಿನೊಳಗಿನಿಂದ ತಮ್ಮ ಎರಡೂ ಕೈ ಹೊರಗೆ ತೆಗೆದರು. ಹತ್ತೂ ಉಗುರಿಗೆ ಬಂಗಾರದ ಚಮಕಿ! "ಮೊನ್ನಿ ಬಳ್ಳಾರಿ ಪಾರ್ಲರ್‌ನ್ಯಾಗ ಹಚ್ಚಿಸಿದ್ದೆ. ನಿನ್ನಿಯಿಂದ ತಿಕ್ಕಿ ತಿಕ್ಕಿ ಸಾಕಾಗೈತ್ರಿ. ನನಗೂ ಕಟ್ರಿ. ಹೊರಗ ನಮ್ಮವ್ರು ಇನ್ನಾ ಎಂಟು ಮಂದಿ ಅದಾರ!"

ನಮಾಜೂ ಆಯಿತು, ನಿಕಾಹೂ ಆಯಿತು, ಬಿರಿಯಾನಿಯೂ ಆಯಿತು. ಯಾರ ಬಾಯಿಂದಲೂ ಒಂದು ಆಡಿಕೊಳ್ಳುವ ಮಾತು ಬರಲಿಲ್ಲ. ಸಂಜೆ ಜೀಪಿನಲ್ಲಿ ಬಳ್ಳಾರಿಗೆ ಹೊರಟಾಗ ಫರ್ಜಾನಾಳಿಗೆ ಮಧ್ಯಾಹ್ನದ ಅವಸ್ಥೆ ಆಗಲೇ ಮರೆತುಹೋಗಿತ್ತು. ಗೆದ್ದದ್ದು ಗೆದ್ದದ್ದೇ!

"ಹಂಗಾರ ಅತ್ತಿ" ಎಂದು ಮೆಲ್ಲಗೆ ಎತ್ತಿದಳು, "ಬೀಗರು ಏನೂ ಅನ್ನಲಿಲ್ಲ. ಮುಂದಿನ ಕೋಲಿಯಾಗ ಪಾರ್ಲರ್ ಇಡೂದು ಖರೆ ಆತಲ್ಲ?"

"ಖರೆ" ಎಂದರು ಖೈರುನ್ನೀಸಾ. "ನಾ ಮಾತು ತಪ್ಪಾಕಿ ಅಲ್ಲ. ಬೀಗಿತ್ತಿ ಬರೋ ಜುಮ್ಮಾಕ್ಕ ನಾಲ್ಕು ಮಂದಿನ್ನ ಕಳಸ್ತೀನಿ ಅಂದಾಳ."

ಫರ್ಜಾನಾ ಗಂಡನ ಭುಜ ಗುದ್ದಿದಳು. ನಾಸಿರ್ ಸ್ಟೇರಿಂಗ್ ಹಿಡಿದು ಮುಖ ಸಣ್ಣದು ಮಾಡಿದ.

"ಬಣ್ಣ ಹಚ್ಚಿಸ್ಕೊಳ್ಳಾಕ ಕುರುಗೋಡಿಂದ ಬರ್ತಾರ ನೋಡ್ರೀ!"

"ಹಚ್ಚಿಸ್ಕೊಳ್ಳಾಕ ಯಾಕ ಬರ್ತಾರ?" ಎಂದರು ಖೈರುನ್ನೀಸಾ. "ಹಚ್ಚೋರು ಊರ ತುಂಬ ಅದಾರ. ತೆಗಿಸ್ಕೊಳ್ಳಾಕ ಬರ್ತಾರ. ಕುರ್ಚಿ ಮ್ಯಾಲ ನಾ ಕುಂದ್ರತೀನಿ. ನೀನು ನನ್ನ ಕೈಕೆಳಗ ಎರಡು ವರ್ಷ ಎಲಿ ತೊಳಿ. ಆಮ್ಯಾಲ ದಾರ ಕಟ್ಟೂದು ಕಲಿಸ್ತೀನಿ!"